ಪೋಸ್ಟರಿನ ಸಾಬೂನಕ್ಕ

ಇಪ್ಪತ್ತು ಸಾಬೂನಿಗೆ ಕಾಸ್ಟಿಕ್ ಸೋಡಾ ಮೂವತ್ತು ರೂಪಾಯಿ, ಸೌದೆ ಹತ್ತು. ಎಣ್ಣೆ ರೇಷನ್ನಿನದು, ಪುಕ್ಕಟೆ. ಒಂದಕ್ಕೆ ನಾಲ್ಕರಂತೆ ಮಾರಿದರೆ ಎಂಬತ್ತು, ನಲವತ್ತು ಉಳಿಯುತ್ತಿತ್ತು. ನಿರಾಶ್ರಿತರ ಶಿಬಿರದ ಬೇಲಿಯೊಳಗೆ ಅದು ದೊಡ್ಡ ವ್ಯಾಪಾರವೇ. ಸಾಬೂನಕ್ಕ ಅದರಲ್ಲೇ ಮಗಳಿಗೆ ಕನ್ನಡಕ, ಮಗನಿಗೆ ಚಪ್ಪಲಿ ಕೊಡಿಸಿದ್ದಳು, ಅತ್ತೆಯ ಕೆಮ್ಮಿಗೆ ಔಷಧಿ ತರುತ್ತಿದ್ದಳು.

ಒಂದು ಬೆಳಿಗ್ಗೆ ಆಫೀಸಿನ ಮೇಡಂ ಬಂದರು. "ನಾಳೆ ಫೋಟೋ ತೆಗೀತೀವಮ್ಮ. ಸ್ವಂತ ಕಾಲ ಮೇಲೆ ನಿಂತ ಹೆಂಗಸು ಅಂತ ಪೋಸ್ಟರ್ ಮಾಡ್ತೀವಿ."

ಇದ್ದದ್ದು ಒಂದು ಪಾತ್ರೆ, ಒಂದು ಹಲಗೆ. ಅಷ್ಟನ್ನೇ ತೋರಿಸಿದರೆ ಮರ್ಯಾದೆ ಏನು ಉಳಿಯಿತು? ಪಕ್ಕದ ಗುಡಾರದ ಕ್ಷೌರಿಕ ತನ್ನ ಬೆಂಚು, ಕನ್ನಡಿ ಹೊತ್ತು ತಂದ. ಮಾರಿದ ಸಾಬೂನನ್ನೂ ಒಂದು ದಿನದ ಮಟ್ಟಿಗೆ ವಾಪಸು ಕೇಳಿ ತಂದು, ಸವೆದವನ್ನು ಹಿಂದಿನ ಸಾಲಿಗಿಟ್ಟರು.

ಫೋಟೋ ಹೊತ್ತಿಗೆ ಸಾಬೂನಿನ ಹಿಂದೆ ಕನ್ನಡಿ ಹಿಡಿದು ನಿಂತ ಕ್ಷೌರಿಕ ಅಂದ, "ನಗಕ್ಕಾ. ಹಲ್ಲು ಕೀಳಿಸೋಕೆ ಬಂದೋಳ ಥರ ಕೂತಿದೀಯ."

"ನೀನು ಸುಮ್ನಿರೋ. ಕನ್ನಡಿ ನೆಟ್ಟಗಿಡು."

ಪೋಸ್ಟರ್ ಗೇಟಿಗೆ ಅಂಟಿತು. ಮುಂದಿನ ತಿಂಗಳು ರೇಷನ್ ಗುಮಾಸ್ತ ಅವಳ ಕಾರ್ಡು ಹಿಂದಕ್ಕೆ ಕೊಟ್ಟ.

"ನಿಮ್ಮ ಮನೆಯ ನಾಲ್ಕೂ ಹೆಸರು ತೆಗೆದಿದಾರಮ್ಮ. ದುಡಿಯೋರಿಗೆ ರೇಷನ್ ಇಲ್ಲ."

"ಸ್ವಾಮಿ, ಆ ಬೆಂಚು ನಂದಲ್ಲ!"

"ಫೋಟೋದಲ್ಲಿ ಎಪ್ಪತ್ತೆರಡು ಸಾಬೂನು ಎಣಿಸಿ ಬರ್ಕೊಂಡಿದಾರೆ."

"ಅದರಲ್ಲಿ ಅರ್ಧ ಕನ್ನಡಿಯೊಳಗಿನವು!"

ಸಾಲಿನಲ್ಲಿದ್ದವರೆಲ್ಲ ನಕ್ಕರು. ಗುಮಾಸ್ತ ನಗಲಿಲ್ಲ.

ರೇಷನ್ ಹೋಯಿತೆಂದರೆ ಎಣ್ಣೆಯೂ ಹೋಯಿತು. ಕೊಂಡರೆ ಐವತ್ತು. ಖರ್ಚು ತೊಂಬತ್ತು, ಮಾರಾಟ ಎಂಬತ್ತು. ಬೆಲೆ ಏರಿಸಿದರೆ ಶಿಬಿರದಲ್ಲಿ ಕೊಳ್ಳುವವರಿಲ್ಲ. ಬೇಲಿಯಾಚೆಯ ಪೇಟೆಯಲ್ಲಿ ಒಂದಕ್ಕೆ ಎಂಟು ಸಿಗುತ್ತಿತ್ತು. ಅವಳು ಆಫೀಸಿಗೆ ಹೋದಳು.

"ಗೇಟ್ ಪಾಸು ಕೊಡಿ ಮೇಡಂ. ಪೇಟೇಲಿ ಮಾರ್ಕೋತೀನಿ."

"ಶಿಬಿರದವರು ಹೊರಗೆ ವ್ಯಾಪಾರ ಮಾಡೋ ಹಾಗಿಲ್ಲಮ್ಮ."

"ಹಾಗಾದ್ರೆ ರೇಷನ್ ಕೊಡಿ."

"ನೀವು ಸ್ವಾವಲಂಬಿ ಅಂತ ಮೇಲಕ್ಕೆ ಬರೆದು ಕಳಿಸಾಗಿದೆ."

ಮೇಡಂ ಕೆಟ್ಟವರಲ್ಲ. ಕುಡಿಯಲು ನೀರು ಕೊಟ್ಟರು, ಮುಖ ನೋಡಲಿಲ್ಲ.

ಮನೆಗೆ ಬಂದಾಗ ಅತ್ತೆ ಕೇಳಿದರು, "ಸ್ವಂತ ಕಾಲ ಮೇಲೆ ನಿಂತೆಯಲ್ಲೇ, ಇನ್ನು ಎಲ್ಲಿಗೆ ನಡೀತೀಯ?"

ಪಾತ್ರೆಯನ್ನು ಕ್ಷೌರಿಕ ಅರವತ್ತಕ್ಕೆ ಕೊಂಡ, ಅಷ್ಟು ಬಾಳುತ್ತಿರಲಿಲ್ಲ. ಅದು ಹತ್ತು ದಿನದ ಹಿಟ್ಟಿಗಾಯಿತು. ನಾಲ್ವರ ರೇಷನ್ ಹೋಯಿತು, ಸಾಬೂನಿನ ವ್ಯಾಪಾರ ಹೋಯಿತು. ಪೋಸ್ಟರ್ ಗೇಟಿನಲ್ಲಿದೆ. ಅದರಲ್ಲಿ ಅವಳು ನಗುತ್ತಿದ್ದಾಳೆ.