ಹತ್ತಂಗಿಲ್ಲ ಅನಿಸಿಕೊಂಡವರು

ಎಂಬತ್ಮೂರರ ಬೇಸಿಗೆಯಲ್ಲಿ ರಾಯಚೂರಿನ ಬಿಸಿಲಿಗೆ ಕಾಗೆಗಳು ಟವೆಲ್ಲು ಹೊದ್ದು ಕೂತಿದ್ದವು. ಸುಳ್ಳೆನ್ನುವವರು ಹೋಗಿ ಆ ಕಾಗೆಗಳನ್ನೇ ಕೇಳಲಿ. ಅಂಥ ಊರಿಗೆ ಡಾಕ್ಟರ್ ಸೈಫುದ್ದೀನ್ ಹೈದರಾಬಾದಿನಿಂದ ಒಂದು ಯಂತ್ರ ತರಿಸಿದ್ದರು. ಬಡಿಯುವುದು ಬಿಟ್ಟು ಬರೀ ನಡುಗುವ ಎದೆಗೆ ಕರೆಂಟು ಕೊಟ್ಟು ಮತ್ತೆ ಬಡಿಯುವಂತೆ ಮಾಡುವ ಯಂತ್ರ. ಅದನ್ನು ಹೊತ್ತು ತಂದ ಲಾರಿ ಡ್ರೈವರನ ಬೋಳುತಲೆಯಲ್ಲೂ ಕೂದಲು ನೆಟ್ಟಗೆ ನಿಂತಿದ್ದವು.

ಆದರೆ ಯಂತ್ರಕ್ಕಿಂತ ದೊಡ್ಡದು ಡಾಕ್ಟರರ ಕಣ್ಣು. ಪರದೆಯ ಹಸಿರು ಗೆರೆ ಕುಡಿದ ಹಾವಿನಂತೆ ದಪ್ಪಗೆ ಹೊರಳಾಡಿದರೆ "ಹತ್ತತದ" ಅನ್ನುವರು, ಕರೆಂಟು ಕೊಡುವರು. ಎದೆ ಎಂಜಿನ್ನಿನಂತೆ ಹತ್ತುತ್ತಿತ್ತು. ಗೆರೆ ಇರುವೆಸಾಲಿನಂತೆ ಸಣ್ಣಗೆ ತೆವಳಿದರೆ "ಹತ್ತಂಗಿಲ್ಲ" ಎಂದು ಸ್ವಿಚ್ಚು ಆರಿಸಿ ಮುಖಕ್ಕೆ ಬಿಳಿ ಬಟ್ಟೆ ಎಳೆಯುವರು. ಮೊನ್ನೆ ಮಸರಕಲ್ಲಿನ ಗದ್ದೆಮ್ಮನಿಗೂ ಹಾಗೇ ಎಳೆದರು. ಹತ್ತಂಗಿಲ್ಲ ಅಂದದ್ದು ಒಮ್ಮೆಯೂ ತಪ್ಪಿರಲಿಲ್ಲ. ದೇವದುರ್ಗದಿಂದ ಮಾನ್ವಿವರೆಗೆ ಸಾಯುವವರು ಇವರ ಅಪ್ಪಣೆ ಪಡೆದೇ ಸಾಯುತ್ತಿದ್ದರು.

ಆ ಜಂಭಕ್ಕೆ ಕಲ್ಲು ಹೊಡೆದವನು ಕುರ್ಡಿಯ ಹಂಪಣ್ಣ. ಡಾಕ್ಟರರ ಬಾಲ್ಯದ ಗೆಳೆಯ, ನೀರೆತ್ತುವ ಎಂಜಿನ್ನುಗಳ ಮೇಸ್ತ್ರಿ. ತಾನು ಕೆಮ್ಮಿದರೆ ಮೂರು ಊರಿನ ಎಂಜಿನ್ನು ತಾವೇ ಶುರುವಾಗುತ್ತವೆ ಅನ್ನುವ ಆಸಾಮಿ. ಒಂದು ಮಧ್ಯಾಹ್ನ ದವಾಖಾನೆಯ ಪಡಸಾಲೆಯಲ್ಲಿ ಕಪ್ಪಿನ ಚಹಾ ಬಸಿಗೆ ಸುರಿದುಕೊಳ್ಳುತ್ತ ಕೇಳಿದ:

"ಲೇ ಸೈಫು, ಹತ್ತಂಗಿಲ್ಲ ಅಂದೋರಿಗೆ ಒಮ್ಮೆರ ಕರೆಂಟ್ ಕೊಟ್ಟು ನೋಡೀಯೇನು?"

"ಹತ್ತಂಗಿಲ್ಲ ಅಂದ ಮ್ಯಾಲೆ ಯಾಕ್ ಕೊಡ್ಲಿ?"

"ಹ್ಯಾಂಡಲ್ ತಿರುವಲಾರದನ ಎಂಜಿನ್ ಸತ್ತದ ಅಂತೀಯಲ್ಲ, ಭಲೇ ಮೇಸ್ತ್ರಿ! ನಿನ್ನ ಮಾತು ಸುಳ್ಳು ಮಾಡಾಕ ಆ ಬಡವರಿಗೆ ದಾರೀನ ಬಿಟ್ಟಿಲ್ಲಲ್ಲೋ!"

ಡಾಕ್ಟರು ನಗಲು ಬಾಯಿ ತೆರೆದರು. ಅಷ್ಟರಲ್ಲಿ ಬಸಿ ನೆಲಕ್ಕೆ ಬಿತ್ತು. ಅದರ ಹಿಂದೆಯೇ ಹಂಪಣ್ಣ.

ಒಳಗೆ ಮಲಗಿಸಿ ನರ್ಸ್ ಅಮರಮ್ಮ ಎದೆ ಒತ್ತತೊಡಗಿದಳು. ಪರದೆಯ ಮೇಲೆ ಇರುವೆಸಾಲು. ಅದೂ ಬರಗಾಲದ ಇರುವೆ. ಡಾಕ್ಟರರ ನಾಲಿಗೆ ರೂಢಿಯಂತೆ "ಹತ್ತಂ..." ಅಂದುಬಿಟ್ಟಿತು. ಅಮರಮ್ಮ ರೂಢಿಯಂತೆ ಕೈ ತೆಗೆದು ಬಿಳಿ ಬಟ್ಟೆ ಹಿಡಿದಳು.

"ಒತ್ತು ಬೇ! ಬಿಡಬ್ಯಾಡ!" ಡಾಕ್ಟರು ಚೀರಿದ ಚೀರಿಗೆ ಕೃಷ್ಣೆಯ ಮೊಸಳೆಗಳು ದಂಡೆ ಏರಿದವು.

ಕರೆಂಟು ಕೊಟ್ಟರು. ಹತ್ತಲಿಲ್ಲ. ಅಮರಮ್ಮ ಮತ್ತೆ ಒತ್ತಿದಳು, ಬೆವರು ಸುರಿಸಿ ಒತ್ತಿದಳು. ನೋಡನೋಡುತ್ತ ಇರುವೆಗಳು ಉಬ್ಬಿ, ಒಂದಕ್ಕೊಂದು ಕೂಡಿ, ಹಾವಾಗಿ ಹೊರಳಿದವು. ಡಾಕ್ಟರು ಮತ್ತೆ ಕೊಟ್ಟರು. ಹಂಪಣ್ಣ ಮಂಚದಿಂದ ತಾಳೆಮರದೆತ್ತರ ಹಾರಿ ಬಿದ್ದ. ಹತ್ತಿತು.

ಸಂಜೆಗೆ ವಾರ್ಡಿನಲ್ಲಿ ಕಣ್ಣು ಬಿಟ್ಟವನು ಬಡಾಯಿ ಕೊಚ್ಚಲಿಲ್ಲ.

"ಸೈಫು, ಹೊರಗ ಬೆಂಚಿನ ಮ್ಯಾಲೆ ಬಾಳ ಮಂದಿ ಕುಂತಾರ. ಮಾರಿ ಮ್ಯಾಲೆ ಬಿಳಿ ಬಟ್ಟಿ. ಮಸರಕಲ್ ಗದ್ದೆಮ್ಮ ಅಂತ ಒಬ್ಬಾಕಿ ನನ್ನ ಅಂಗಿ ಹಿಡಕೊಂಡು ಕೇಳಿದಳು: 'ಯಪ್ಪಾ, ನಿನಗ ಕೊಟ್ರಂತಲ್ಲ, ನಮ್ಮ ಪಾಳಿ ಯಾವಾಗಂತ?'"

ಗದ್ದೆಮ್ಮನನ್ನು ಹಂಪಣ್ಣ ಕಂಡವನಲ್ಲ, ಹೆಸರು ಕೇಳಿದವನಲ್ಲ.

ಡಾಕ್ಟರು ಹೊರಗೆ ಹೋದರು. ಬೆಂಚು ಖಾಲಿ. ಮುಟ್ಟಿದರು. ಹಗಲೆಲ್ಲ ಕಾದ ಕಬ್ಬಿಣ ಬಾವಿಕಲ್ಲಿನಂತೆ ತಣ್ಣಗಿತ್ತು. ಕಾಗೆ, ಮೊಸಳೆಗಳ ಮಾತು ಬೇಕಾದರೆ ಬಿಡಿ; ಈ ಬೆಂಚಿಗೆ ಮಾತ್ರ ಏನೂ ಬೆರೆಸಿಲ್ಲ.

ಒಳಗೆ ಬಂದರೆ ಯಂತ್ರದ ಪರದೆಯಲ್ಲಿ ಇರುವೆಸಾಲು ಹರಿಯುತ್ತಿತ್ತು.

"ಯಾರಿಗೆ ಹಚ್ಚೀಬೇ?"

ಅಮರಮ್ಮ ಗೋಡೆಗೆ ಅಂಟಿ ನಿಂತಿದ್ದಳು. "ಯಾರಿಗೂ ಹಚ್ಚಿಲ್ರೀ. ವೈರ್ ಜೋತಾಡಾಕತ್ತಾವ ನೋಡ್ರಿ."

ಡಾಕ್ಟರು ಗೆರೆ ನೋಡಿದರು. ಹತ್ತತದ ಅನ್ನಲಿಲ್ಲ, ಹತ್ತಂಗಿಲ್ಲ ಅನ್ನಲಿಲ್ಲ. ಕರೆಂಟು ಕೊಡುವ ಹಿಡಿಗಳನ್ನು ಎರಡೂ ಕೈಗೆ ತೆಗೆದುಕೊಂಡು ಬಾಗಿಲ ಕಡೆ ತಿರುಗಿದರು.

"ಗದ್ದೆಮ್ಮಾ, ಬರ್ರಿ."

ಖಾಲಿ ಮಂಚ ಕಿರ್ರೆಂದಿತು.