ಬಲಗೈಯ ಗುಳಿ

ಬೀದಿಗೆಲ್ಲ ಬುದ್ಧಿ ಹೇಳುವ ಬಾಯಿ ಅವಳದು. ಹೇಳಲೇಬೇಕಾದ ಒಂದೇ ಮಾತನ್ನು ನುಂಗಿಕೊಂಡು ಬಂದಳಲ್ಲ, ಅದಕ್ಕೇನನ್ನಬೇಕು!

ಅವಳ ಮನೆಯ ಕುರ್ಚಿ ಡೆನ್ಮಾರ್ಕಿನದು, ಎಪ್ಪತ್ತು ವರ್ಷದ ಹಿಂದಿನ ತೇಗ. ಹುಡುಕಿದರೂ ಒಂದು ನೇರ ಗೆರೆ ಸಿಗದು. ಹಿಂಗಾಲು ಮೇಲೇರುತ್ತಾ ಬಾಗಿ, ತೆಳುವಾಗಿ, ಗೊತ್ತೇ ಆಗದಂತೆ ಕುರ್ಚಿಯ ಕೈಯಾಗಿಬಿಡುತ್ತದೆ. ಮದುವೆಯ ಹೊಸತರಲ್ಲಿ ಗಂಡ ಅದನ್ನು ಹಳೆ ಸಾಮಾನಿನ ಅಂಗಡಿಯಿಂದ ಹೊತ್ತು ತಂದಾಗ, "ಇದು ಕೂರೋಕೋ, ನೋಡೋಕೋ?" ಎಂದು ರೇಗಿಸಿದ್ದಳು. ಲಕ್ವ ಹೊಡೆದು ಅವನ ಮಾತು ನಿಂತ ಮೇಲೆ ಹನ್ನೊಂದು ವರ್ಷ ಅವಳೇ ಅವನನ್ನು ಎತ್ತಿ ಅದರಲ್ಲಿ ಕೂರಿಸಿದಳು. ಮೈಯಲ್ಲಿ ಆಡುತ್ತಿದ್ದದ್ದು ಬಲಗೈ ಹೆಬ್ಬೆರಳೊಂದೇ. ಅದು ಉಜ್ಜಿ ಉಜ್ಜಿ ಕುರ್ಚಿಯ ಬಲಗೈಯಲ್ಲೊಂದು ಗುಳಿ ಬಿದ್ದಿತ್ತು. ಅವನು ಹೋದ ಮೇಲೆ ಮಧ್ಯಾಹ್ನ ಊಟವಾದ ಕೂಡಲೇ ಅಲ್ಲಿ ಬೆರಳಿಟ್ಟು ಕೂರುವಳು. ಅವಳ ಪಾಲಿಗೆ ಗಂಡನೆಂದು ಉಳಿದದ್ದು ಅದೊಂದೇ.

ಹಿಂಗಾಲು ಅಲುಗಾಡತೊಡಗಿ ಬಡಗಿಯ ಬಳಿ ಒಯ್ದಳು. "ಕುರ್ಚಿ ಕೈ ಮಾತ್ರ ಮುಟ್ಟಬೇಡಪ್ಪ" ಎನ್ನಲು ಬಾಯಿ ತೆರೆದಳು. ಮುದುಕಿಗೆ ಇದೇನು ಹುಚ್ಚು ಎಂದು ನಕ್ಕಾನು ಅನ್ನಿಸಿ, ನಾಚಿ, "ಕಾಲು ಗಟ್ಟಿಮಾಡಿ ಕೊಡಪ್ಪ" ಎಂದಷ್ಟೇ ಹೇಳಿ ಬಂದಳು.

ಬಡಗಿ ಮೈಗಳ್ಳನಾಗಿದ್ದರೆ ಎಷ್ಟೋ ಚೆನ್ನಾಗಿತ್ತು! ಅವನೋ ಕೆಲಸವೆಂದರೆ ಪ್ರಾಣ ಬಿಡುವವನು. ವಾರದ ಮೇಲೆ ಅವಳು ಹೋದಾಗ ಮುಸುಕು ಸರಿಸಿ ತೋರಿಸಿದ.

"ಕಾಲು ಬಿಡಿ ಅಮ್ಮ, ಅದೇನು ಮಹಾ. ಕೈ ನೋಡಿ! ಎಡಗೈಗೆ ರಟ್ಟು ಹಿಡಿದು ಅಚ್ಚು ತೆಗೆದೆ. ಬಲಗೈಗಿಟ್ರೆ ಕೂರ್ಲೇ ಇಲ್ಲ, ಒಂದು ಹಳ್ಳ. ಸುತ್ತ ಅರ ಹಾಕಿ ಉಜ್ಜಿ ಹಳ್ಳದ ಮಟ್ಟಕ್ಕೆ ಇಳಿಸ್ದೆ, ಎಡಗೈನೂ ಅಷ್ಟೇ ಇಳಿಸ್ದೆ. ಈಗ ಎರಡೂ ಅವಳಿಜವಳಿ! ನೀವು ಹೇಳಿರ್ಲಿಲ್ಲ, ಆದ್ರೂ ಇಂಥ ಕುರ್ಚಿನ ಅರ್ಧಂಬರ್ಧ ಬಿಡೋಕೆ ಮನಸ್ಸು ಬರ್ಲಿಲ್ಲ."

ಅವಳ ಹೆಬ್ಬೆರಳು ತಾನಾಗಿ ಅಲ್ಲಿಗೆ ಹೋಗಿ, ನುಣ್ಣನೆಯ ಮರದ ಮೇಲೆ ಹಿಂದೆ ಮುಂದೆ ತಡಕಾಡಿತು. "ಅದು ನಮ್ಮ ಯಜಮಾನರ ಬೆರಳಪ್ಪಾ" ಎಂದು ಎಲ್ಲವನ್ನೂ ಹೇಳಿ, ಹೊಟ್ಟಿನ ರಾಶಿಯ ನಡುವೆ ನಿಂತು ಗೊಳೋ ಎಂದು ಅತ್ತಳು.

ಬಡಗಿಯ ಮುಖ ಕಪ್ಪಿಟ್ಟಿತು. "ಅಯ್ಯೋ, ನನ್ನ ಕೈ ಸೇದೋಗ! ಅಳಬೇಡಿ ಅಮ್ಮ, ಮತ್ತೆ ತೋಡಿಕೊಡ್ತೀನಿ. ಎಷ್ಟು ಅಗಲ ಇತ್ತು? ನಿಮ್ಮ ಬೆರಳೇ ಇಟ್ಟು ತೋರಿಸಿ, ಗೆರೆ ಹಾಕ್ಕೊಳ್ತೀನಿ" ಎಂದು ಪೆನ್ಸಿಲ್ ಹಿಡಿದು ಮಂಡಿಯೂರಿದ.

ಅವಳು ಹೆಬ್ಬೆರಳನ್ನು ಮರದ ಮೇಲಿಟ್ಟಳು. ಆಮೇಲೆ ತೆಗೆದಳು.

"ಬೇಡಪ್ಪ. ಅವರ ಗುಳೀಲಿ ನನ್ನ ಬೆರಳಿಟ್ರೆ ಪಕ್ಕದಲ್ಲಿ ಇನ್ನೂ ಒಂಚೂರು ಜಾಗ ಉಳೀತಿತ್ತು. ಎಷ್ಟು ಅಂತ ನಂಗೂ ಗೊತ್ತಿಲ್ಲ."