ನಂಬದವನ ಹಾರೈಕೆ

ಗೌರಿ ಹಬ್ಬದ ಹಿಂದಿನ ದಿನ ಅಜ್ಜಂಪುರದ ಮಂಡಿಗೆ ಈರುಳ್ಳಿ ಹಾಕಲು ಬಂದಿದ್ದ ಲಿಂಗದಹಳ್ಳಿಯ ತೀರ್ಥಪ್ಪ, ಊರಿಗೆ ಹೊರಡುವ ಮೊದಲು ರೈಲ್ವೆ ಗೇಟಿನಾಚೆಯ ಕೇರಿಗೆ ಹೋಗಿ ರಂಗಪ್ಪನ ಬಾಗಿಲಲ್ಲಿ ನಿಂತ. ರಂಗಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್. ಲೈನಿನ ಕೆಲಸ ಮುಗಿಸಿ ಬಂದು ಕಾಲು ತೊಳೆಯುತ್ತಿದ್ದ. ತೀರ್ಥಪ್ಪ ಕೂರಲಿಲ್ಲ, ನೀರೂ ಕೇಳಲಿಲ್ಲ. ರಂಗಪ್ಪನ ಅಳಿಯ, ತನ್ನ ಊರಿನ ಕರಿಯಣ್ಣನಿಗೆ ಕಾಮಾಲೆ ಏರಿದೆ, ಸೊಪ್ಪಿನ ಔಷಧಿ ಹಿಡಿಯಲಿಲ್ಲ, ತರೀಕೆರೆ ಆಸ್ಪತ್ರೆಗೆ ಸೇರಿಸಿದ್ದಾರೆ ಎಂದು ಹೇಳಿದ. ಇದಕ್ಕಿಂತ ಕಷ್ಟದ ಮಾತು ಇನ್ನೊಂದು ಅವನ ಬಾಯಲ್ಲಿತ್ತು. ರಂಗಪ್ಪನ ಮಗಳು ಅಂಬಮ್ಮ ಗಂಡನ ಮುಖ ನೋಡದೆ ಮನೆಯಲ್ಲೇ ಕೂತಿದ್ದಳು. ಅವಳ ಅತ್ತೆ ಮಾರಮ್ಮ ಆಸ್ಪತ್ರೆಯ ಹತ್ತಿರ ಬರಗೊಡುತ್ತಿರಲಿಲ್ಲ.

"ತೌರಿಂದ ಅರಿಶಿನ ಕುಂಕುಮ ಬರದೇ ಇರೋ ಹೆಂಗಸಿನ ನೆರಳು ನನ್ನ ಮಗನ ಮೇಲೆ ಬೀಳಬಾರದು ಅಂತಾಳೆ ಕಣಣ್ಣ ಮಾರಕ್ಕ," ಎಂದ ತೀರ್ಥಪ್ಪ. "ನೀನು ನಾಳೆ ಬಂದು ನಾಲ್ಕು ಜನದ ಎದುರು ಬಾಗಿನ ಕೊಟ್ಟು, ಗೌರಮ್ಮನ ಹೆಸರು ಹೇಳಿ ಮಗಳನ್ನ ಹರಸಿದ್ರೆ ಕರ್ಕೊಂಡು ಹೋಗ್ತಾಳಂತೆ. ಇಲ್ಲದಿದ್ರೆ ಇಲ್ವಂತೆ."

ರಂಗಪ್ಪ ಒದ್ದೆ ಕಾಲಲ್ಲೇ ಅಂಗಳದಲ್ಲಿ ನಿಂತುಬಿಟ್ಟ.

ಎಪ್ಪತ್ತರ ದಶಕದ ಕೊನೆಯಲ್ಲಿ ಕಡೂರಿಗೆ ಒಬ್ಬ ಬೌದ್ಧ ಭಿಕ್ಷು ಬಂದಿದ್ದಾಗ, ಆ ಕೇರಿಯ ಕೆಲವು ಮನೆಯವರು ಲಾರಿಯಲ್ಲಿ ಹೋಗಿ ದೀಕ್ಷೆ ತೆಗೆದುಕೊಂಡಿದ್ದರು. ಅವರನ್ನೆಲ್ಲ ಹೊರಡಿಸಿದವನು ರಂಗಪ್ಪನೇ. ಅಲ್ಲಿ ಒಂದೊಂದಾಗಿ ಹೇಳಿಸಿದ ಪ್ರತಿಜ್ಞೆಗಳಲ್ಲಿ ಗೌರಿ ಗಣಪತಿಯರನ್ನು ಪೂಜಿಸುವುದಿಲ್ಲ ಎಂಬುದೂ ಒಂದು. ಊರ ದೇವಸ್ಥಾನದ ಕಟ್ಟೆಯ ಕೆಳಗೆ ಬಿಸಿಲಲ್ಲಿ ಕೈಮುಗಿದು ನಿಂತು, ಮೇಲಿನಿಂದ ಎಸೆದ ಪ್ರಸಾದ ಹಿಡಿದು ಬೆಳೆದವನು ರಂಗಪ್ಪ. ಆ ಮಾತು ಹೇಳುವಾಗ ಅವನ ಬೆನ್ನು ನೆಟ್ಟಗಾಗಿತ್ತು. ಆಮೇಲೆ ಅವನು ಕುಡಿತ ಬಿಟ್ಟ, ಹರಕೆಯ ಕುರಿ ಬಿಟ್ಟ, ಭಾನುವಾರ ಸಂಜೆ ತನ್ನ ಮನೆಯ ಮುಂದೆ ಬುದ್ಧವಂದನೆ ನಡೆಸತೊಡಗಿದ. ಕೇರಿಯ ಲಕ್ಕಣ್ಣ ಒಂದು ವರ್ಷ ಬೀರೂರಿನಲ್ಲಿದ್ದ ಮಗಳಿಗೆ ಕದ್ದು ಬಾಗಿನ ಕೊಟ್ಟು ಬಂದದ್ದು ತಿಳಿದಾಗ, ಕೊಟ್ಟ ಮಾತು ಉಳಿಸಿಕೊಳ್ಳಲಾಗದವರು ಇಲ್ಲಿ ಬಂದು ಕೂರುವುದು ಬೇಡ ಎಂದು ರಂಗಪ್ಪ ಎಲ್ಲರೆದುರು ಹೇಳಿದ್ದ. ಲಕ್ಕಣ್ಣ ಎದ್ದು ಹೋದವನು ಮತ್ತೆ ಬರಲಿಲ್ಲ.

ಮೂರು ವರ್ಷದ ಹಿಂದೆ ಅಂಬಮ್ಮನ ಮದುವೆಯಲ್ಲಿ ಇದು ಅಷ್ಟಾಗಿ ತೊಡಕಾಗಿರಲಿಲ್ಲ. ಮಾರಮ್ಮ ದೂರದ ನೆಂಟಳು, ಹುಡುಗನಿಗೆ ಹುಡುಗಿ ಮೆಚ್ಚಿಗೆಯಾಗಿದ್ದಳು. ಅಜ್ಜಂಪುರದಲ್ಲಿ ಬುದ್ಧನ ಪಟದ ಮುಂದೆ ಹಾರ ಬದಲಾಯಿಸಿದರು. ಲಿಂಗದಹಳ್ಳಿಗೆ ಹೋದಮೇಲೆ ಮಾರಮ್ಮ ತನ್ನ ಸಮಾಧಾನಕ್ಕೆ ಮಗನಿಂದ ಇನ್ನೊಮ್ಮೆ ಅರಿಶಿನದ ದಾರ ಕಟ್ಟಿಸಿದಳು. ಎರಡು ಕಡೆಯವರೂ ಕಂಡರೂ ಕಾಣದ ಹಾಗೆ ಇದ್ದರು. ಆದರೆ ಗೌರಿ ಹಬ್ಬ ಬಂದಾಗ ಎಲ್ಲರ ಮನೆಗೂ ತೌರಿನ ಬಾಗಿನ ಬಂತು, ಅಂಬಮ್ಮನಿಗೆ ಬರಲಿಲ್ಲ. ರಂಗಪ್ಪ ದೀಪಾವಳಿ ಕಳೆದ ಮೇಲೆ ಸೀರೆ ಕೊಟ್ಟುಬಂದ. ಮಾರಮ್ಮ ಬೇರೆ ಹಬ್ಬಗಳನ್ನು ಬಿಟ್ಟುಕೊಟ್ಟಾಳು, ಇದನ್ನಲ್ಲ. ಮುತ್ತೈದೆಯ ಕುಂಕುಮ ಗಟ್ಟಿಯಾಗಿರುವುದು ತೌರಿನವರು ಅಂದು ಬಂದು ಹರಸಿದರೆ ಮಾತ್ರ ಎಂದು ಅವಳು ನಂಬಿದ್ದಳು. ಈಗ ಒಬ್ಬನೇ ಮಗ ಹಳದಿಯಾಗಿ ಮಲಗಿದ್ದ.

ತೀರ್ಥಪ್ಪ ಹೋದಮೇಲೆ ರಂಗಪ್ಪನ ಹೆಂಡತಿ ಹನುಮಂತಮ್ಮ ಒಲೆಯ ಮುಂದಿನಿಂದ ಎದ್ದು ಬಂದಳು. ಇಷ್ಟು ವರ್ಷ ಅವಳು ಗಂಡನ ಮಾತಿಗೆ ಎದುರಾಡಿರಲಿಲ್ಲ. ರಂಗಪ್ಪ, ಕಾಮಾಲೆಗೆ ಬೇಕಾದ್ದು ಡಾಕ್ಟರು, ಬಾಗಿನವಲ್ಲ ಎಂದು ಹೇಳತೊಡಗಿದ. ನಾಳೆ ಹೋಗಿ ಮಾರಮ್ಮನಿಗೆ ತಿಳಿಸಿ ಹೇಳುತ್ತೇನೆ ಎಂದ. ಅವಳು ಅದನ್ನೆಲ್ಲ ಕೇಳಿಸಿಕೊಂಡಳು.

"ಮಾತು ಕೊಟ್ಟೋನು ನೀನು," ಎಂದಳು. "ಅದರ ಕಷ್ಟ ಅವಳೊಬ್ಬಳೇ ತಿಂತಾವ್ಳೆ. ಆ ಹುಡುಗ ಸತ್ತುಗಿತ್ತು ಹೋದ್ರೆ, ಮುಖಾನಾದ್ರೂ ನೋಡಿದ್ಲು ಅನ್ನೋದು ಬೇಡವಾ?"

ರಂಗಪ್ಪ ಗೋಡೆಯ ಮೇಲಿದ್ದ ಬುದ್ಧನ ಪಟದ ಕಡೆಗೆ ನೋಡಲಿಲ್ಲ. ಅಂಗಡಿ ಮುಚ್ಚುವ ಮೊದಲು ಪೇಟೆಗೆ ಹೋಗಿ ಒಂದು ಜೋಡಿ ಮೊರ, ಹಸಿರು ಬಳೆ, ರವಿಕೆ ಕಣ, ಅರಿಶಿನ ಕುಂಕುಮ, ತೆಂಗಿನಕಾಯಿ ತಂದ. ಏನೇನು ಬೇಕೆಂಬುದು ಅವನಿಗೆ ಮರೆತಿರಲಿಲ್ಲ. ಅವನ ಅಪ್ಪ ಹೀಗೆಯೇ ಅಕ್ಕನಿಗೆ ಒಯ್ಯುತ್ತಿದ್ದ.

ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಹಬ್ಬದ ಜನ. ಮೊರದ ಮೇಲೆ ಟವೆಲು ಮುಚ್ಚಿ ನಿಂತಿದ್ದ ರಂಗಪ್ಪನಿಗೆ ಎದುರಿಗೇ ಲಕ್ಕಣ್ಣ ಸಿಕ್ಕಿದ. ಟವೆಲಿನ ಕೆಳಗಿರುವುದು ಏನೆಂದು ಲಕ್ಕಣ್ಣನಿಗೆ ಗೊತ್ತಾಯಿತು. ಗೊತ್ತಾದದ್ದು ರಂಗಪ್ಪನಿಗೂ ಗೊತ್ತಾಯಿತು. ಅವನು ಏನಾದರೂ ಅನ್ನಲಿ ಎಂದೇ ರಂಗಪ್ಪ ಕಾದ. ಕಂಡಕ್ಟರು ಮೊರವನ್ನು ಬಸ್ಸಿನ ಮೇಲೆ ಹಾಕಲು ಕೈಚಾಚಿದಾಗ ಲಕ್ಕಣ್ಣ ಅಡ್ಡ ಬಂದು, "ಮೇಲೆ ಹಾಕಬ್ಯಾಡ, ಬಳೆ ಒಡೀತವೆ. ತೊಡೆ ಮೇಲಿಟ್ಕೊಂಡು ಕೂತ್ಕೋ," ಎಂದಷ್ಟೇ ಹೇಳಿ ಹೋದ.

ತರೀಕೆರೆಯಲ್ಲಿ ಬಸ್ಸು ಬದಲಾಯಿಸಿ ಗಂಡ ಹೆಂಡತಿ ಲಿಂಗದಹಳ್ಳಿ ತಲುಪುವಾಗ ಬಿಸಿಲು ಏರಿತ್ತು. ಮಗನಿಗೆ ಗಂಜಿ ಒಯ್ಯಲು ಬಂದಿದ್ದ ಮಾರಮ್ಮ ಮನೆಯಲ್ಲೇ ಇದ್ದಳು. ರಂಗಪ್ಪ ಮೊರ ಹಿಡಿದು ಬೀದಿಯಲ್ಲಿ ಬರುವುದನ್ನು ಕಂಡು ಅಕ್ಕಪಕ್ಕದ ಹೆಂಗಸರು ಬಾಗಿಲಿಗೆ ಬಂದರು. ದೇವರಿಲ್ಲ ಅನ್ನುವ ಬೀಗರು ಎಂದು ಆ ಬೀದಿಯಲ್ಲಿ ಅವನಿಗೆ ಹೆಸರಿತ್ತು.

ಗಂಡ ಸತ್ತವಳಾದ್ದರಿಂದ ಮಾರಮ್ಮ ಬಾಗಿನದ ಹತ್ತಿರ ಬರುವಂತಿರಲಿಲ್ಲ. ಹೊಸ್ತಿಲ ಒಳಗೇ, ಗೋಡೆಗೆ ಒತ್ತಿಕೊಂಡು ನಿಂತಳು. ಅಂಬಮ್ಮನನ್ನು ಹೊರಗೆ ಕರೆದರು. ಅವಳು ಸೊರಗಿದ್ದಳು, ತಲೆ ಬಾಚಿರಲಿಲ್ಲ. ಅಪ್ಪನ ಕೈಯಲ್ಲಿದ್ದುದನ್ನು ನೋಡಿ ಅವಳಿಗೆ ಸಂತೋಷವಾಗಲಿಲ್ಲ, ಹೆದರಿಕೆಯಾಯಿತು. ಅದಕ್ಕೆ ಅವನು ಏನು ತೆತ್ತಿದ್ದಾನೆಂದು ಅವಳಿಗಿಂತ ಚೆನ್ನಾಗಿ ಯಾರಿಗೂ ತಿಳಿದಿರಲಿಲ್ಲ.

"ಬೇಡ ಅಪ್ಪಾ," ಎಂದಳು ಮೆಲ್ಲಗೆ.

"ಸೆರಗು ಒಡ್ಡು," ಎಂದ ರಂಗಪ್ಪ.

ಅವಳು ಒಡ್ಡಿದ ಸೆರಗಿಗೆ ಮೊರ ಇಟ್ಟ. ಬೀದಿ ಕಾಯುತ್ತಿತ್ತು. ಅವನು ಉಸಿರೆಳೆದುಕೊಂಡು, ಎಲ್ಲರಿಗೂ ಕೇಳುವಂತೆ, "ಗೌರಮ್ಮ ತಾಯಿ ನನ್ನ ಮಗಳ ಮುತ್ತೈದೆತನ ಕಾಯ್ಲಿ. ಈ ಮನೆ ತಣ್ಣಗಿರ್ಲಿ," ಎಂದು ಹೇಳಿದ. ಹೇಳಿ ಮುಗಿಸಿದಾಗ ಅವನ ಕಿವಿ ಕೆಂಪಾಗಿತ್ತು. ಹನುಮಂತಮ್ಮ ಮಗಳ ಹಣೆಗೆ ಕುಂಕುಮವಿಟ್ಟು ಬಳೆ ತೊಡಿಸಿದಳು.

ಮಾರಮ್ಮ ಅವನ ಮುಖವನ್ನೇ ನೋಡುತ್ತಿದ್ದಳು. ಮೂರು ವರ್ಷ ಯಾವುದಕ್ಕಾಗಿ ಹಟ ಹಿಡಿದಿದ್ದಳೋ ಅದು ಸಿಕ್ಕಿತ್ತು. ಆದರೂ ಎದೆಯೊಳಗಿನ ಭಯ ಹಾಗೇ ಇತ್ತು. "ತಲೆ ಮೇಲೆ ಕಲ್ಲು ಹೊತ್ತೋರ ಹಂಗೆ ಹೇಳಿದ್ರಿ ಬೀಗ್ರೇ," ಎಂದಳು. ಅವನು ತಲೆತಗ್ಗಿಸಿದ. ಅವಳು ಗಂಜಿಯ ಪಾತ್ರೆ ಎತ್ತಿಕೊಂಡು, ಹೊರಡೋಣ ಎಂದು ಸೊಸೆಗೆ ಸನ್ನೆ ಮಾಡಿದಳು.

ಆಸ್ಪತ್ರೆಯಲ್ಲಿ ಕರಿಯಣ್ಣನಿಗೆ ಗಂಜಿ ಕುಡಿಯುವ ಸ್ಥಿತಿ ಇರಲಿಲ್ಲ. ಬೆಳಗಿನಿಂದ ಯಾರ ಗುರುತೂ ಹತ್ತದೆ ಏನೇನೋ ಬಡಬಡಿಸಿ, ಈಗ ಸುಮ್ಮನಾಗಿದ್ದ. ಅರ್ಧ ತೆರೆದ ಕಣ್ಣು ಅರಿಶಿನದ ಬಣ್ಣಕ್ಕೆ ತಿರುಗಿತ್ತು. ಅಂಬಮ್ಮ ಕೈ ಹಿಡಿದು ಹೆಸರು ಹಿಡಿದು ಕರೆದಳು. ಅವನು ತಿರುಗಲಿಲ್ಲ. ಡಾಕ್ಟರು ರಂಗಪ್ಪನನ್ನು ಪಕ್ಕಕ್ಕೆ ಕರೆದು, ಇಲ್ಲಿ ಮಾಡುವಂಥದ್ದು ಉಳಿದಿಲ್ಲ, ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ತಕ್ಷಣ ಒಯ್ಯಿರಿ ಎಂದರು. ರಂಗಪ್ಪ ಓಡಾಡಿ ಒಂದು ಮೆಟಡಾರ್ ಗೊತ್ತು ಮಾಡಿದ. ಹಬ್ಬದ ದಿನವಾದ್ದರಿಂದ ಡ್ರೈವರುಗಳು ಸಿಗುವುದೇ ಕಷ್ಟವಾಯಿತು.

ಗಾಡಿಯ ನೆಲಕ್ಕೆ ಚಾಪೆ ಹಾಸಿ ಕರಿಯಣ್ಣನನ್ನು ಮಲಗಿಸಿದರು. ತಲೆ ಅಂಬಮ್ಮನ ತೊಡೆಯ ಮೇಲಿತ್ತು. ಮಾರಮ್ಮ ಮಗನ ಪಾದ ಹಿಡಿದು ಕೂತು, ತನಗೆ ಗೊತ್ತಿದ್ದ ದೇವರನ್ನೆಲ್ಲ ಒಂದೊಂದಾಗಿ ಕರೆಯುತ್ತ ಬಂದಳು. ಭದ್ರಾವತಿ ದಾಟುವ ಹೊತ್ತಿಗೆ ಕರೆಯಲು ಯಾರೂ ಉಳಿದಿರಲಿಲ್ಲ. ಕರಿಯಣ್ಣನ ಉಸಿರು ನಿಂತು ನಿಂತು ಬರುತ್ತಿತ್ತು. ಅವಳು ತಟ್ಟನೆ ರಂಗಪ್ಪನ ಕಡೆಗೆ ತಿರುಗಿದಳು.

"ನಿಮ್ಮಲ್ಲೂ ಏನೋ ಹೇಳ್ತೀರಂತಲ್ಲ, ಭಾನುವಾರ. ಅದನ್ನ ಹೇಳಿ ಬೀಗ್ರೇ."

ರಂಗಪ್ಪನಿಗೆ ಸುಳ್ಳು ಹೇಳುವ ಶಕ್ತಿ ಬೆಳಿಗ್ಗೆಯೇ ಖರ್ಚಾಗಿತ್ತು. "ಅದು ಬೇಡ್ಕೊಳ್ಳೋದಲ್ಲ ಬೀಗ್ರೇ. ಕೇಳಿಸ್ಕೊಂಡು ಬದುಕಿಸೋರು ನಮ್ಮಲ್ಲಿ ಯಾರೂ ಇಲ್ಲ," ಎಂದ.

"ಇಲ್ಲದಿದ್ರೆ ಬಿಡಿ. ನಿಮಗೆ ನಿಜ ಅನ್ಸಿದ್ದನ್ನ ಅವನ ಕಿವೀಲಿ ಹೇಳಿ. ಬೆಳಿಗ್ಗೆ ಹೇಳಿದ್ರಲ್ಲ, ಹಂಗೆ ಬೇಡ."

ರಂಗಪ್ಪ ಮಂಡಿಯೂರಿ ಅಳಿಯನ ಕಿವಿಯ ಹತ್ತಿರ ಬಾಗಿದ. ಬುದ್ಧ, ಧಮ್ಮ, ಸಂಘಕ್ಕೆ ಶರಣು ಹೋಗುವ ತ್ರಿಶರಣವನ್ನು ಹೇಳಿದ. ಆಮೇಲೆ, ತನಗೆ ತಿಳಿದ ಮಾತಿನಲ್ಲಿ, ನಿನ್ನ ನೋವು ಕಮ್ಮಿಯಾಗ್ಲಿ ಮಗಾ, ಹೆದರಿಕೆ ಹೋಗ್ಲಿ, ನಾವೆಲ್ಲ ಇಲ್ಲೇ ಇದೀವಿ ಎಂದು ಮತ್ತೆ ಮತ್ತೆ ಹೇಳಿದ. ಗಾಡಿ ಕುಲುಕುತ್ತಿತ್ತು, ಅವನು ನಿಲ್ಲಿಸಲಿಲ್ಲ. ಮಾರಮ್ಮ ಪಾದ ಬಿಡದೆ ಪ್ರತಿ ಮಾತಿಗೂ ತಲೆಯಾಡಿಸಿದಳು. ಶಿವಮೊಗ್ಗದ ಮೊದಲ ಮನೆಗಳು ಕಾಣಿಸುವಾಗ ಅಂಬಮ್ಮ, "ಸಾಕು ಅಪ್ಪಾ," ಎಂದಳು. ಅವಳಿಗೆ ತೊಡೆಯ ಮೇಲಿನ ಭಾರ ಬದಲಾದದ್ದು ಗೊತ್ತಾಗಿತ್ತು.

ಮಾರನೆಯ ದಿನ ಲಿಂಗದಹಳ್ಳಿಯ ಮನೆಯ ಮುಂದೆ ಹೆಣ ಮಲಗಿಸಿದಾಗ ಜನ ಹತ್ತಿರ ಬರಲು ಹಿಂದೆಗೆದರು. ನಂಬದವನ ಬಾಯಿಂದ ಗೌರಮ್ಮನ ಹೆಸರು ಹೇಳಿಸಿದ್ದಕ್ಕೇ ಹೀಗಾಯಿತು ಎಂದು ಹೆಂಗಸರು ಆಡಿಕೊಳ್ಳುತ್ತಿದ್ದರು. ರಂಗಪ್ಪ ಅದನ್ನು ಕೇಳಿಸಿಕೊಂಡ. ಮಾತು ಮುರಿದದ್ದರಿಂದ ಹುಡುಗ ಸತ್ತನೆಂದು ಅವನು ನಂಬುವವನಲ್ಲ. ಆದರೆ ಮಾತು ಮುರಿದು ಹುಡುಗ ಉಳಿಯಲೂ ಇಲ್ಲ ಎಂಬುದು ಅವನ ಎದೆಯಲ್ಲಿ ಮುರಿದ ಮುಳ್ಳಿನ ಹಾಗೆ ಕೂತಿತ್ತು. ಮೊದಲ ಬಸ್ಸಿಗೆ ಅಜ್ಜಂಪುರದ ಕೇರಿಯವರು ಬಂದರು. ಅವರಲ್ಲಿ ಲಕ್ಕಣ್ಣನೂ ಇದ್ದ. ಚಟ್ಟಕ್ಕೆ ಬೇಕಾದ ಬಿದಿರನ್ನು ಅವನೇ ಸೀಳಲು ಕೂತ.

ಹೆಣ ಎತ್ತುವ ಮುಂಚೆ ಬೀದಿಯ ಮುದುಕಿಯರು ಅಂಬಮ್ಮನನ್ನು ಹಿಡಿದು ತಂದು ಗಂಡನ ಕಾಲ ಹತ್ತಿರ ಕೂರಿಸಿದರು. ಒಬ್ಬಳು ಒರಳ ಪಕ್ಕದಿಂದ ಗುಂಡುಕಲ್ಲು ತಂದಳು. ಅಂಬಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡು ಅಪ್ಪನ ಕಡೆ ನೋಡಿದಳು.

ರಂಗಪ್ಪ ಮುಂದೆ ಬಂದ. "ನಮ್ಮಲ್ಲಿ ಇದಿಲ್ಲ ಕಣ್ರಮ್ಮ," ಎಂದ.

ನಿನ್ನ ಮನೆಯಲ್ಲಿ ಇಲ್ಲದಿರಬಹುದು, ಇದು ನಿನ್ನ ಮನೆಯಲ್ಲ ಎಂದು ಊರಿನ ಯಜಮಾನನೊಬ್ಬ ಗದರಿದ. ಶಾಸ್ತ್ರ ಬಿಟ್ಟರೆ ಹೆಣಕ್ಕೆ ಹೆಗಲು ಕೊಡುವುದಿಲ್ಲ ಎಂದ. ರಂಗಪ್ಪ ಮಗಳ ಮುಂದೆ ಹಾಗೇ ಅಡ್ಡ ನಿಂತಿದ್ದ.

ಮಾರಮ್ಮ ಹೆಣದ ತಲೆಯ ಹತ್ತಿರ ಕೂತಿದ್ದಳು. ಅವಳ ಗಂಡ ಸತ್ತಾಗ ಕರಿಯಣ್ಣ ಇನ್ನೂ ಮೊಲೆ ಕುಡಿಯುತ್ತಿದ್ದ. ಅಂದು ಇದೇ ಅಂಗಳದಲ್ಲಿ ಅವಳ ಕೈ ಹಿಡಿದು ಕಲ್ಲಿಗೆ ಕುಟ್ಟಿದ್ದರು. ಬಳೆಯ ಚೂರು ಮಣಿಕಟ್ಟಿಗೆ ಹೊಕ್ಕು ತಿಂಗಳುಗಟ್ಟಲೆ ಕೀವಾಗಿತ್ತು. ಅದು ಆಗಬೇಕಾದ್ದೇ ಎಂದು ಅವಳು ತಿಳಿದಿದ್ದಳು. ಸೊಸೆಯ ಅಪ್ಪ ಹೀಗೆ ಅಡ್ಡ ನಿಂತಿರುವುದನ್ನು ನೋಡುತ್ತ ನೋಡುತ್ತ, ಅಂದು ತನ್ನ ಅಪ್ಪ ಎಲ್ಲಿ ನಿಂತಿದ್ದ ಎಂದು ಅವಳು ನೆನಪು ಮಾಡಿಕೊಳ್ಳಲು ನೋಡಿದಳು. ನೆನಪಾಗಲಿಲ್ಲ.

"ಆ ಕಲ್ಲು ಅತ್ಲಾಗಿಡು," ಎಂದಳು.

ಮುದುಕಿ ಕೇಳಿಸದವಳಂತೆ ನಿಂತಳು.

"ಮೂರು ವರ್ಷದಿಂದ ಹಟ ಹಿಡಿದು ಅವರ ಬಾಯಲ್ಲಿ ಅವರಿಗೆ ಬೇಡದ್ದನ್ನ ಹೇಳಿಸ್ದೆ. ಕೊನೇ ಗಳಿಗೇಲಿ ನನ್ನ ಮಗನ ಕಿವೀಲಿ ಒಳ್ಳೆ ಮಾತಾಡಿದ್ದೂ ಅವ್ರೇ. ಅವರ ಮನೇದು ಹೆಂಗೋ ಹಂಗೇ ಆಗ್ಲಿ. ಹುಡುಗಿ ಕೈ ಮುಟ್ಟಬ್ಯಾಡಿ," ಎಂದಳು ಮಾರಮ್ಮ.

ಯಜಮಾನ ಹೇಳಿದಂತೆಯೇ ಮಾಡಿದ. ಅವನ ಜೊತೆ ಊರಿನವರು ಬಹಳ ಜನ ಹೊರಟುಹೋದರು. ತೀರ್ಥಪ್ಪ ಉಳಿದ. ಒಂದು ಕಡೆ ಅವನು ಮತ್ತು ಲಕ್ಕಣ್ಣ, ಇನ್ನೊಂದು ಕಡೆ ರಂಗಪ್ಪ ಮತ್ತು ಅಜ್ಜಂಪುರದ ಕೇರಿಯ ಇನ್ನೊಬ್ಬ ಹೆಗಲು ಕೊಟ್ಟರು. ಮಣ್ಣಿನ ಹತ್ತಿರ ಮಾರಮ್ಮ ತನ್ನ ಪದ್ಧತಿಯಂತೆ ಹಾಲು ಎರೆದಳು. ಅವಳೇ ಕೇಳಿಕೊಂಡದ್ದರಿಂದ ರಂಗಪ್ಪ ತನ್ನದನ್ನು ಹೇಳಿದ.

ಮಗಳನ್ನು ಕರೆದುಕೊಂಡು ಹೋಗುವುದೆಂದೇ ಹನುಮಂತಮ್ಮ ಗಂಟು ಕಟ್ಟಿದ್ದಳು. ಅಂಬಮ್ಮ ಬರಲೊಲ್ಲೆ ಎಂದಳು. ಅತ್ತೆ ಎರಡು ದಿನದಿಂದ ಏನೂ ತಿಂದಿಲ್ಲ, ತಾನು ಹೋದರೆ ಒಲೆ ಹತ್ತುವುದಿಲ್ಲ ಎಂದಳು. ಮುಂದೆ ಏನು ಎಂದು ರಂಗಪ್ಪ ಕೇಳಿದಾಗ ಅವಳು ಎದ್ದು ಒಲೆಗೆ ಸೌದೆ ಇಟ್ಟಳು. ಆ ಮನೆಗೆ ಬೆಂಕಿ, ನೀರು ಕೊಡಬಾರದೆಂದು ಬೀದಿಯಲ್ಲಿ ಆಗಲೇ ಮಾತಾಗಿತ್ತು. ಇಬ್ಬರು ಹೆಂಗಸರು ಅಲ್ಲಿ ಹೇಗೆ ದಿನ ತೆಗೆಯುತ್ತಾರೋ ಅವನಿಗೆ ತಿಳಿಯಲಿಲ್ಲ.

ಬಸ್ಸಿಗೆ ಹೊರಡುವ ಮೊದಲು ಅವನು ಒಳಗೆ ಇಣುಕಿದ. ಮಾರಮ್ಮ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅಂಬಮ್ಮ ತಟ್ಟೆಯಲ್ಲಿ ಮುದ್ದೆ ಇಟ್ಟುಕೊಂಡು ಪಕ್ಕದಲ್ಲಿ ಕೂತು, ಒಂದೇ ಒಂದು ತುತ್ತು ತಿನ್ನಿ ಅತ್ತೆ ಎಂದು ಅಂಗಲಾಚುತ್ತಿದ್ದಳು.